ಆರು ಕೀಗಳ ಲ್ಯಾಪ್‌ಟಾಪ್

ನೆಂಟರ ಮನೆಯಲ್ಲಿ ಮಾತು ಮುಗಿಯುವ ಲಕ್ಷಣವೇ ಕಾಣದಿದ್ದಾಗ ಚುಕ್ಕಿ ಅತ್ತೆ ಗಂಡನ ಅಂಗಿಯ ಸುಕ್ಕು ಸರಿಮಾಡುವವರಂತೆ ಅವರ ಬೆನ್ನಿಗೆ ಎರಡೂ ಕೈ ಇಡುತ್ತಾರೆ. ಎಡಗೈಯ ಮೂರು ಬೆರಳು, ಬಲಗೈಯ ಮೂರು ಬೆರಳು ಅಲ್ಲಿ ನಾಲ್ಕಾರು ಸಲ ಒತ್ತಿ ಏಳುತ್ತವೆ. ಲಿಫ್ಟ್ ಮಾಮ ತಕ್ಷಣ ಗಡಿಯಾರ ನೋಡಿ, "ನಾಳೆ ಬೆಳಿಗ್ಗೆ ಬೇಗ ಏಳ್ಬೇಕು ನಾನು" ಎಂದು ಎದ್ದು ನಿಲ್ಲುತ್ತಾರೆ. ಎಂಥ ಶಿಸ್ತಿನ ಮನುಷ್ಯ ಎಂದು ನೆಂಟರು ಹೊಗಳುತ್ತಾರೆ. ಬೆನ್ನಿಗೆ ಬಂದ ಆಜ್ಞೆ ಯಾರ ಕಣ್ಣಿಗೂ ಬಿದ್ದಿರುವುದಿಲ್ಲ. ಬ್ರೈಲ್ ಲಿಪಿಯಲ್ಲಿ ಮಾಮನಿಗೆ ಬರುವುದು ಮೂರೇ ಮಾತು: ಹೋಗೋಣ, ಸಾಕು, ಸುಮ್ಮನಿರಿ. ಸಂಸಾರ ನಡೆಸಲು ಅಷ್ಟು ಧಾರಾಳವಾಯಿತು ಎಂಬುದು ಅತ್ತೆಯ ಅಭಿಪ್ರಾಯ.

ಕಣ್ಣು ಕಾಣದವರು ಬೆರಳಿನಿಂದ ಓದುವ ಪುಸ್ತಕಗಳನ್ನು ತಯಾರಿಸುವುದು ಅತ್ತೆಯ ಕೆಲಸ. ಇದಕ್ಕೆ ಮೂಲ ಮಹಡಿ ಮೇಲಿನ ಮನೆಯ ಹುಡುಗಿ. ಹುಟ್ಟಿದಾಗಿನಿಂದ ಅವಳಿಗೆ ಕಣ್ಣು ಕಾಣುವುದಿಲ್ಲ. ಎಂಟು ವರ್ಷದವಳಿದ್ದಾಗ ಒಂದು ದಿನ ಮೆಟ್ಟಿಲಿಳಿದು ಬಂದು, "ಅತ್ತೆ, ನನ್ನ ಹತ್ರ ಇರೋದು ಎರಡೇ ಕಥೆ ಪುಸ್ತಕ. ಎರಡೂ ಬಾಯಿಪಾಠ ಆಗೋಗಿದೆ" ಎಂದು ದೂರು ಕೊಟ್ಟಿದ್ದಳು. ದೂರು ಯಾರಿಗೆ ಕೊಡಬೇಕೋ ಅವರಿಗೆ ಕೊಡದೆ ಸಿಕ್ಕವರಿಗೆ ಕೊಟ್ಟಿದ್ದಳು ಅಷ್ಟೆ. ಅತ್ತೆ ಮಾತ್ರ ಅದನ್ನು ಮನಸ್ಸಿಗೆ ಹಚ್ಚಿಕೊಂಡರು. ಅಂಧರ ಸಂಸ್ಥೆಗೆ ಹೋಗಿ ಆರು ತಿಂಗಳು ಬ್ರೈಲ್ ಕಲಿತು ಬಂದರು. ಚುಕ್ಕಿ ಅತ್ತೆ ಎಂಬ ಹೆಸರು ಆ ಹುಡುಗಿ ಇಟ್ಟದ್ದು. ಅತ್ತೆ ಮಾಡಿದ ಪ್ರತಿ ಪುಸ್ತಕವನ್ನೂ ಮೊದಲು ಓದಿ, ತಪ್ಪು ಹುಡುಕಿ, ಮುಖ ನೋಡದೆ ಬೈಯುವ ಹಕ್ಕೂ ಅಂದಿನಿಂದ ಅವಳದೇ. ಈಗ ಅವಳಿಗೆ ಇಪ್ಪತ್ನಾಲ್ಕು. ಗಣಿತದಲ್ಲಿ ಪದವಿ ಮುಗಿಸಿ, ಕಣ್ಣು ಕಾಣುವ ಮಕ್ಕಳೇ ಓದುವ ಶಾಲೆಯೊಂದರಲ್ಲಿ ಕೆಲಸ ಹಿಡಿದಿದ್ದಳು. ಬೀದಿಯವರೆಲ್ಲ ಆಗಲೇ ಅವಳನ್ನು ಲೆಕ್ಕದ ಮಿಸ್ ಎನ್ನಲು ಶುರುಮಾಡಿದ್ದರು.

ಮಿಸ್ ಪಾಠ ಮಾಡಬೇಕಾದ ಬೀಜಗಣಿತದ ಪುಸ್ತಕ ಬ್ರೈಲಿನಲ್ಲಿ ಎಲ್ಲೂ ಇರಲಿಲ್ಲ. ಕಥೆ ಕಾದಂಬರಿಯಾದರೆ ಕಂಪ್ಯೂಟರೇ ಚುಕ್ಕಿಯಾಗಿ ಬದಲಾಯಿಸಿ ಕೊಡುತ್ತದೆ. ಭಿನ್ನರಾಶಿ, ಘಾತ, ಆವರಣ ಬಂದರೆ ಅದಕ್ಕೆ ತಲೆಬುಡ ತಿಳಿಯುವುದಿಲ್ಲ. ಒಂದೊಂದು ಅಕ್ಷರವನ್ನೂ ಕೈಯಿಂದಲೇ ಒತ್ತಬೇಕು. ಒಂದು ಬ್ರೈಲ್ ಅಕ್ಷರಕ್ಕೆ ಹೆಚ್ಚೆಂದರೆ ಆರು ಚುಕ್ಕಿ, ಎಡಕ್ಕೆ ಮೂರು, ಬಲಕ್ಕೆ ಮೂರು. ಆರು ಚುಕ್ಕಿಗೆ ಲ್ಯಾಪ್‌ಟಾಪಿನ ಆರು ಕೀ. ಬೇಕಾದ ಚುಕ್ಕಿಗಳ ಕೀಗಳನ್ನೆಲ್ಲ ಒಟ್ಟಿಗೆ ಒತ್ತಿ ಒಟ್ಟಿಗೆ ಬಿಟ್ಟರೆ ಒಂದು ಅಕ್ಷರ. ಅತ್ತೆಯ ಲ್ಯಾಪ್‌ಟಾಪಿಗೆ ಒಂಬತ್ತು ವರ್ಷ. ಆ ಆರು ಕೀಗಳು ಸವೆದು, ಬರೆದದ್ದು ಅಳಿಸಿಹೋಗಿ, ನಡುವೆ ಒಂದಿಷ್ಟು ತಗ್ಗಾಗಿ, ಬೆರಳು ಇಟ್ಟರೆ ತಾನಾಗಿ ಕೂರುತ್ತಿತ್ತು. ಉಳಿದ ಕೀಗಳ ಮೇಲೆ ಧೂಳು.

ಪುಸ್ತಕದಲ್ಲಿ ಇನ್ನು ಐವತ್ತು ಪುಟ ಬಾಕಿಯಿತ್ತು, ಶಾಲೆ ತೆರೆಯಲು ಹನ್ನೆರಡು ದಿನ. ಆಗ ಲ್ಯಾಪ್‌ಟಾಪ್ ಕೈಕೊಟ್ಟಿತು. ಹೊಗೆ ಬರಲಿಲ್ಲ, ಸದ್ದು ಮಾಡಲಿಲ್ಲ. ಬೆಳಿಗ್ಗೆ ಒತ್ತಿದರೆ ಏಳಲಿಲ್ಲ, ಅಷ್ಟೆ.

ಮಾರುಕಟ್ಟೆ ಕಟ್ಟಡದ ಮೆಟ್ಟಿಲ ಕೆಳಗೆ ಒಂದು ರಿಪೇರಿ ಅಂಗಡಿ ಇದೆ. ಒಬ್ಬ ಮನುಷ್ಯ ಕೂತರೆ ಇನ್ನೊಬ್ಬ ನಿಂತುಕೊಂಡೇ ಇರಬೇಕಾದಷ್ಟು ಜಾಗ. ಅದರ ಯಜಮಾನನಿಗೆ ಬೋರ್ಡ್ ಡಾಕ್ಟರ್ ಎಂದು ಹೆಸರು. ಮಾತಿನಲ್ಲಿ ಜಿಪುಣ, ಸುಳ್ಳಿನಲ್ಲಿ ಇನ್ನೂ ಜಿಪುಣ. ತಳ ಬಿಚ್ಚಿ, ಭೂತಗನ್ನಡಿ ಹಿಡಿದು, ಎರಡು ಸೂಜಿಗಳಿಂದ ಅಲ್ಲಿ ಇಲ್ಲಿ ಚುಚ್ಚಿ ನೋಡಿ ಹೇಳಿದ: "ಮದರ್‌ಬೋರ್ಡ್ ಹೋಗಿದೆ. ಪರದೆ ಚೆನ್ನಾಗಿದೆ, ಕೀಬೋರ್ಡ್ ಚೆನ್ನಾಗಿದೆ, ಡಿಸ್ಕ್ ಚೆನ್ನಾಗಿದೆ. ನಿಮ್ಮ ಬರವಣಿಗೆ ಎಲ್ಲೂ ಹೋಗಿಲ್ಲ."

"ಬೋರ್ಡ್ ಬದಲಾಯಿಸಬಹುದಾ?" ಎಂದರು ಅತ್ತೆ.

"ಇದೇ ಬೋರ್ಡ್ ಈಗ ಬರಲ್ಲ. ಇದರ ಮುಂದಿನ ಮಾಡೆಲ್ ಇದೇ ಮೈಯಲ್ಲೇ ಬಂದಿತ್ತು. ಅದರ ಬೋರ್ಡ್ ಕೂರುತ್ತೆ, ಸ್ಪೀಡೂ ಜಾಸ್ತಿ. ಆದರೆ ಅದಕ್ಕೆ ಕೊಡೋ ದುಡ್ಡಿಗೆ ಇನ್ನೊಂದು ಸ್ವಲ್ಪ ಸೇರಿಸಿದ್ರೆ ಹೊಸದೇ ಬರುತ್ತೆ. ನಾನು ಯಾರಿಗೂ ಹೇಳೋದು ಹೊಸದು ತಗೊಳ್ಳಿ ಅಂತಲೇ."

ಅತ್ತೆಯ ಜೊತೆಗೆ ಬಂದಿದ್ದ ಲಿಫ್ಟ್ ಮಾಮನ ಮುಖ ಇಷ್ಟಗಲ ಆಯಿತು. ಅದಕ್ಕೆ ಕಾರಣ ಹೇಳಬೇಕು. ಮಾಮ ಲಿಫ್ಟ್ ಮೆಕ್ಯಾನಿಕ್. ಮೂವತ್ತು ವರ್ಷದಿಂದ ಕಟ್ಟಡದ ಮಾಲೀಕರಿಗೆ ಅವರು ಹೇಳಿಕೊಂಡು ಬಂದದ್ದು ಒಂದೇ ಮಾತು: ಲಿಫ್ಟ್ ಬಿಸಾಡಬೇಡಿ, ಕಂಟ್ರೋಲ್ ಬೋರ್ಡ್ ಬದಲಾಯಿಸಿ. ಮನೆಯಲ್ಲೂ ಅದೇ ಧರ್ಮ. ತಿರುಗುವ ಫ್ಯಾನಿಗೆ ಮೂರನೇ ಮೋಟಾರು. ಮಿಕ್ಸಿಗೆ ಬೇರೆ ಮಿಕ್ಸಿಯ ಜಾರು. ಗೋಡೆ ಗಡಿಯಾರದ ಒಳಗೆ ಯಾವುದೋ ಲಿಫ್ಟಿನ ಸ್ಪ್ರಿಂಗು. ಮದುವೆಯಾಗಿ ಇಪ್ಪತ್ತಾರು ವರ್ಷ ಅತ್ತೆ ಹೀಗೆ ಪುನರ್ಜನ್ಮ ಪಡೆದ ವಸ್ತುಗಳ ನಡುವೆಯೇ ಬಾಳಿದ್ದರು, ಒಂದು ದಿನವೂ ಗೊಣಗಿರಲಿಲ್ಲ. ಗೊಣಗದೇ ಇದ್ದದ್ದೇ ಮಾಮನ ಎದೆಯಲ್ಲಿ ಮುಳ್ಳಾಗಿ ಕೂತಿತ್ತು ಎಂಬುದು ಅತ್ತೆಗೂ ಗೊತ್ತಿರಲಿಲ್ಲ.

ಮರುದಿನ ಮಾಮ ಹೊಸ ಲ್ಯಾಪ್‌ಟಾಪನ್ನು ಡಬ್ಬದ ಸಮೇತ ಊಟದ ಮೇಜಿನ ಮೇಲಿಟ್ಟರು. "ನೀನೇ ಒಡಿ. ಟೇಪ್ ಹರಿಯೋ ಸದ್ದು ಕೇಳ್ಬೇಕು ನನಗೆ."

"ಇದೇನ್ರೀ ಇದು, ಊರಿಗೆಲ್ಲ ರಿಪೇರಿ ಉಪದೇಶ, ನನಗೆ ಮಾತ್ರ ಹೊಸದು?"

"ಇಷ್ಟು ವರ್ಷದಲ್ಲಿ ನಾನು ನಿನಗೆ ಡಬ್ಬದಿಂದ ತೆಗೆದು ಕೊಟ್ಟ ವಸ್ತು ಯಾವುದಿದೆ ಹೇಳು ನೋಡೋಣ. ಎಲ್ಲಾ ನಾನೇ ಸ್ಕ್ರೂ ಹಾಕಿ ಕೊಟ್ಟಿದ್ದು. ಇದೊಂದಾದ್ರೂ ಹೊಸದಾಗಿರ್ಲಿ ಕಣೇ."

ಅತ್ತೆ ಡಬ್ಬವನ್ನು ಹತ್ತಿರ ಎಳೆದುಕೊಂಡರು. ಟೇಪನ್ನು ಬೇಕೆಂದೇ ನಿಧಾನವಾಗಿ, ಪೂರ್ತಿ ಸದ್ದು ಬರುವಂತೆ ಹರಿದರು. ಒಳಗಿದ್ದದ್ದು ನೋಡಲು ಚೆಂದವಾಗಿಯೇ ಇತ್ತು. ತೆಳ್ಳಗೆ, ಹಗುರವಾಗಿ, ಎತ್ತಿದರೆ ಎತ್ತಿದ್ದೇ ತಿಳಿಯುತ್ತಿರಲಿಲ್ಲ. ಮೂರು ದಿನದಲ್ಲಿ, ಅಚ್ಚಿನ ಪುಸ್ತಕದಿಂದ ಪರದೆಯತ್ತ ಕಣ್ಣೆತ್ತದೆ, ಇಪ್ಪತ್ತೆರಡು ಪುಟ ಒತ್ತಿ, ಸಂಸ್ಥೆಗೆ ಹೋಗಿ, ಕಾಗದದ ಮೇಲೆ ಚುಕ್ಕಿ ಮೂಡಿಸುವ ಯಂತ್ರದಲ್ಲಿ ಅಚ್ಚು ಹಾಕಿಸಿ ತಂದರು.

ಸಂಜೆ ಲೆಕ್ಕದ ಮಿಸ್ ಇಳಿದು ಬಂದು ಹಾಳೆಗಳ ಮೇಲೆ ಬೆರಳಾಡಿಸಿದಳು. ಎರಡನೇ ಸಾಲಿಗೆ ಹುಬ್ಬು ಗಂಟಾಯಿತು. ನಾಲ್ಕನೇ ಸಾಲಿಗೆ ನಗು ಶುರುವಾಯಿತು.

"ಅತ್ತೆ, ಈ ಲೆಕ್ಕದ ಪುಸ್ತಕದಲ್ಲಿ ಒಂದು ಅಂಕಿನೂ ಇಲ್ವಲ್ಲ."

"ಏನಂದೆ?"

"ಅಂಕಿ ಗುರುತು ಎಲ್ಲೂ ಸರಿಯಾಗಿ ಬಿದ್ದಿಲ್ಲ. ಮಿಕ್ಕ ಕಡೇನೂ ಅಲ್ಲಲ್ಲಿ ಮೂರನೇ ಚುಕ್ಕಿ ಮಾಯ."

ಇಷ್ಟು ತಿಳಿದಿರಲಿ: ಬ್ರೈಲಿನಲ್ಲಿ ಅಂಕಿಗಳಿಗೆ ಬೇರೆ ಆಕಾರವಿಲ್ಲ. ಅಕ್ಷರದ ಮುಂದೆ ಒಂದು ಗುರುತು ಹಾಕಿದರೆ ಅದೇ ಅಂಕಿ. ಆ ಗುರುತಿಗೆ ಬಲಗೈಯ ಮೂರೂ ಬೆರಳಿನ ಜೊತೆ ಎಡಗೈಯ ಉಂಗುರದ ಬೆರಳು ಒತ್ತಬೇಕು. ಮೂರನೇ ಚುಕ್ಕಿ ಅಂದರೆ ಆ ಉಂಗುರದ ಬೆರಳು.

ಅತ್ತೆ ತಮ್ಮ ಎಡಗೈಯನ್ನೇ ನೋಡಿಕೊಂಡರು. ಯಂತ್ರದ ಮೇಲೆ ಅವರಿಗೆ ಎಳ್ಳಷ್ಟೂ ಅನುಮಾನ ಬರಲಿಲ್ಲ. ಹೊಸದು, ಮಾಮ ಕೊಡಿಸಿದ್ದು. ಅನುಮಾನ ಬಂದದ್ದು ಬೆರಳಿನ ಮೇಲೆ. ಅವರ ದೊಡ್ಡಕ್ಕ ಊರಿಗೇ ಬೇಕಾದ ಟೈಲರ್ ಆಗಿದ್ದವರು, ಐವತ್ತೈದಕ್ಕೆ ಬೆರಳು ಮರಗಟ್ಟಿ ಹೊಲಿಗೆ ಬಿಟ್ಟಿದ್ದರು. ಅತ್ತೆಗೀಗ ಐವತ್ಮೂರು. ಕಂಪ್ಯೂಟರಿನಲ್ಲಿ ಒತ್ತಿ ನೋಡಿದರು. ಉಂಗುರದ ಬೆರಳೊಂದನ್ನೇ ಒತ್ತಿದರೆ ಚುಕ್ಕಿ ಬರುತ್ತದೆ, ಬಲಗೈ ಸೇರಿದರೆ ಇಲ್ಲ. ಜೊತೆಯವರಿದ್ದಾಗ ಸೋಮಾರಿಯಾಗುವ ಬೆರಳು ಎಂದು ತೀರ್ಮಾನಿಸಿದರು.

ಮುಂದಿನ ಎರಡು ದಿನ ಆ ಬೆರಳು ಪಟ್ಟ ಪಾಡು ಹಗೆಗೂ ಬೇಡ. ಬೆಳಿಗ್ಗೆ ಬಿಸಿನೀರು, ಮಧ್ಯಾಹ್ನ ಮುಲಾಮು, ಸಂಜೆ ರಬ್ಬರ್ ಚೆಂಡು ಹಿಸುಕುವ ವ್ಯಾಯಾಮ. ಕೀಯನ್ನು ಮೊಳೆ ಹೊಡೆದಂತೆ ಕುಟ್ಟಿದರು. ಮಾಮ ಅಡುಗೆಮನೆಯಿಂದ ಇಣುಕಿ, "ಹೊಸ ಯಂತ್ರ ಹೇಗಿದೆ?" ಎಂದು ಕೇಳಿದರೆ, "ಭೇಷಾಗಿದೆ" ಎಂದು ಬೆರಳನ್ನು ಸೆರಗಿನಲ್ಲಿ ಮುಚ್ಚಿಕೊಂಡರು. ಅಂಕಿಗಳಿಲ್ಲದ ಪುಸ್ತಕ ಹಿಡಿದು ಆ ಹುಡುಗಿ ಮೊದಲ ದಿನವೇ ನಲವತ್ತು ಮಕ್ಕಳ ಎದುರು ತಡವರಿಸಿದರೆ ಅವಳನ್ನು ಯಾರು ಮಿಸ್ ಅನ್ನುತ್ತಾರೆ? ಹದಿನಾರು ವರ್ಷ ಅವಳ ಜೊತೆ ನಡೆದು ಬಾಗಿಲ ಬಳಿ ಕೈಬಿಟ್ಟಂತೆ ಆಗುವುದಿಲ್ಲವೇ? ಅತ್ತೆಗೆ ಅನ್ನ ಸೇರಲಿಲ್ಲ.

ಮೂರನೇ ದಿನ ಮಿಸ್ ಬಂದವಳೇ ಮುಲಾಮಿನ ವಾಸನೆ ಹಿಡಿದಳು. "ಏನಿದು, ಆಸ್ಪತ್ರೆ ವಾಸನೆ?"

ಅತ್ತೆ ಬಾಯಿಬಿಟ್ಟರು. ಬೆರಳಿಗೆ ವಯಸ್ಸಾಯಿತು, ನಿನ್ನ ಪುಸ್ತಕ ನನ್ನಿಂದ ಮುಗಿಯುವುದಿಲ್ಲ, ಸಂಸ್ಥೆಯಲ್ಲಿ ಬೇರೆ ಯಾರನ್ನಾದರೂ ನೋಡು ಎಂದು ಹೇಳುವಷ್ಟರಲ್ಲಿ ಕಣ್ಣು ತುಂಬಿತ್ತು.

ಮಿಸ್‌ಗೆ ಕರುಣೆ ಬರಲಿಲ್ಲ, ಲೆಕ್ಕ ಬಂತು. "ತಪ್ಪಿದ ಅಕ್ಷರ ಎಷ್ಟು ಅಂತ ನಾನು ಪಟ್ಟಿ ಮಾಡಿದ್ದೀನಿ ಅತ್ತೆ. ದಣಿದ ಬೆರಳಾದ್ರೆ ಒಂದು ಸಲ ತಪ್ಪುತ್ತೆ, ಒಂದು ಸಲ ಸರಿ ಇರುತ್ತೆ. ಇದು ಹಾಗಿಲ್ಲ. ಮೂರನೇ ಚುಕ್ಕಿ ಎಡಗೈ ಬೆರಳುಗಳ ಜೊತೆ ಇದ್ದಾಗ ನೂರಕ್ಕೆ ನೂರು ಸರಿ. ಬಲಗೈಯ ಎರಡು ಬೆರಳು ಸೇರಿದ ತಕ್ಷಣ ನೂರಕ್ಕೆ ನೂರು ತಪ್ಪು. ಇಷ್ಟು ನಿಯತ್ತಾಗಿ ತಪ್ಪು ಮಾಡೋ ಬೆರಳು ಯಾರಿಗಿದೆ? ಸ್ವಲ್ಪ ಜರುಗಿ."

ಕುರ್ಚಿಯಲ್ಲಿ ಕೂತು, ಕೀಗಳ ಮೇಲಿನ ಸಣ್ಣ ಉಬ್ಬುಗೆರೆ ತಡವಿ ಜಾಗ ಹಿಡಿದು, ನಾಲ್ಕು ಬೆರಳೊತ್ತಿದಳು. "ಏನು ಬಂತು?"

ಅತ್ತೆ ಪರದೆ ನೋಡಿದರು. ಮೂರನೇ ಚುಕ್ಕಿ ಇರಲಿಲ್ಲ.

"ಹಾಗಾದ್ರೆ ನನ್ನ ಬೆರಳಿಗೂ ವಯಸ್ಸಾಯ್ತಾ?" ಎಂದಳು ಮಿಸ್. "ಮದುವೆನೇ ಆಗಿಲ್ಲ ಇನ್ನೂ."

ಅತ್ತೆ ನಕ್ಕ ನಗುವಿಗೆ ಮಹಡಿ ಮೇಲಿಂದ ಮಿಸ್‌ನ ತಾಯಿ ಏನಾಯಿತೆಂದು ಕೂಗಿ ಕೇಳಿದರು. ಹೊಟ್ಟೆ ಹಿಡಿದು ನಕ್ಕರು, ಕಣ್ಣೊರೆಸಿಕೊಂಡು ಮತ್ತೆ ನಕ್ಕರು. ಬೆರಳು ಚೆನ್ನಾಗಿದೆ. ಕೆಟ್ಟಿರುವುದು ಬೆರಳಲ್ಲ. ಕೆಲವು ಕೀಗಳನ್ನು ಒಟ್ಟಿಗೆ ಒತ್ತಿದರೆ ಆ ಕೀಬೋರ್ಡ್ ಒಂದನ್ನು ನುಂಗಿಹಾಕುತ್ತಿತ್ತು. ಒಂದೊಂದೇ ಕೀ ಒತ್ತುವ ಲೋಕದ ಮಂದಿಗೆ ಅದು ಜನ್ಮದಲ್ಲಿ ಗೊತ್ತಾಗುವುದಿಲ್ಲ. ಯಾವ ಅಂಗಡಿಯವನೂ ಇದನ್ನು ಡಬ್ಬದ ಮೇಲೆ ಬರೆದಿರುವುದಿಲ್ಲ. ಮಿಸ್ ಮೇಲಿನಿಂದ ತನ್ನದೊಂದು ಹಳೇ ಕೀಬೋರ್ಡ್ ತಂದು ತಂತಿ ಸಿಕ್ಕಿಸಿ ನೋಡಿದಳು. ಅದು ಎರಡು ನುಂಗಿತು.

ನಗು ಇಳಿದ ಮೇಲೆ ಅತ್ತೆಗೆ ಇನ್ನೊಂದು ಯೋಚನೆ ಹತ್ತಿತು. ಮಾಮನಿಗೆ ಹೇಳುವುದು ಹೇಗೆ? ಇಪ್ಪತ್ತಾರು ವರ್ಷಕ್ಕೊಮ್ಮೆ ಹೊಸದು ತಂದವರಿಗೆ, ನಿಮ್ಮ ಹೊಸದು ಬೇಡ, ಹಳೆಯದೇ ಬೇಕು ಎನ್ನುವುದು ಅತ್ತೆಗೆ ಸುಲಭವಿರಲಿಲ್ಲ. ಆದರೆ ಶಾಲೆಗೆ ಉಳಿದಿದ್ದದ್ದು ಐದೇ ದಿನ. ಮಾಮ ಕೆಲಸದಿಂದ ಬಂದು ಕೈಯ ಗ್ರೀಸ್ ತೊಳೆಯುತ್ತಿದ್ದಾಗ ಹಿಂದೆ ನಿಂತು ಎಲ್ಲವನ್ನೂ ಹೇಳಿಬಿಟ್ಟರು, ಬೆರಳಿನ ಬಿಸಿನೀರಿನಿಂದ ಹಿಡಿದು.

ಮಾಮ ತಿರುಗಲಿಲ್ಲ. ಸಾಬೂನು ಕೈಯಿಂದ ಜಾರಿ ಬಿತ್ತು, ಎತ್ತಿಕೊಂಡರು. ಮತ್ತೆ ಕೈ ಉಜ್ಜುತ್ತಾ, "ಆರು ಜನದ ಲಿಫ್ಟ್ ಅಂತ ಬೋರ್ಡ್ ಹಾಕಿ, ಒಳಗೆ ಮೂರೇ ಜನಕ್ಕೆ ಜಾಗ ಕೊಟ್ಟ ಹಾಗಾಯ್ತು" ಎಂದರು.

"ಬೇಜಾರಾಯ್ತಾ?"

"ಆಯ್ತು. ಲ್ಯಾಪ್‌ಟಾಪಿಗಲ್ಲ. ನಾನು ಕೊಡ್ಸಿದ್ದು ಅಂತ ಎರಡು ದಿನ ಬೆರಳು ಬೇಯಿಸ್ಕೊಂಡ್ಯಲ್ಲ, ಅದಕ್ಕೆ."

ಅತ್ತೆ ಟವೆಲ್ ಕೊಟ್ಟರು. "ಹಳೇದಕ್ಕೆ ಹೊಸ ಬೋರ್ಡ್ ಹಾಕ್ಸಿ ಕೊಡಿ. ಹೊಸದೂ ಆಯ್ತು, ನಿಮ್ಮ ಕಡೆಯಿಂದ್ಲೂ ಆಯ್ತು."

ಮಾಮ ಟವೆಲಿನಲ್ಲಿ ಮುಖ ಒರೆಸಿಕೊಂಡರು. ಕೈ ಒರೆಸುವುದನ್ನು ಮರೆತಿದ್ದರು.

ಬೋರ್ಡ್ ಡಾಕ್ಟರ್ ಎರಡು ದಿನದಲ್ಲಿ ಬೋರ್ಡ್ ತರಿಸಿದ. ಆದರೆ ಹಾಕುವ ಮುಂಚೆಯೇ ಹೇಳಿದ: "ಒಂದು ಮಾತು. ಕೀಗಳ ಮಾತು ಕೇಳಿಸ್ಕೊಳ್ಳೋ ಚಿಪ್ ಬೋರ್ಡ್ ಮೇಲೇ ಇರುತ್ತೆ. ಹಳೇ ಬೋರ್ಡ್ ಆರೂ ಕೇಳ್ತಿತ್ತು. ಇದು ಕೇಳುತ್ತೋ ಇಲ್ವೋ ಹಾಕಿದ ಮೇಲೇ ಗೊತ್ತು. ಇಂಥ ಪ್ರಶ್ನೆ ನನಗೆ ಯಾರೂ ಕೇಳಿಲ್ಲ ಇಷ್ಟು ವರ್ಷ."

ಅತ್ತೆ ಸವೆದ ಆರು ಕೀಗಳ ಮೇಲೆ ಕೈಯಾಡಿಸಿದರು. ಮಾಮ ಮಾತ್ರ ಬೇರೆಯದೇ ಗುಂಗಿನಲ್ಲಿದ್ದರು. ಡಾಕ್ಟರ್ ಡಬ್ಬಕ್ಕೆ ಕತ್ತರಿ ಹಾಕಲು ಹೊರಟಾಗ ಕೈ ಅಡ್ಡ ಹಿಡಿದು, "ತಡೀರಿ, ಅವಳೇ ಒಡೀಲಿ" ಎಂದರು. ಡಾಕ್ಟರ್ ಕಕ್ಕಾಬಿಕ್ಕಿಯಾದ. ಬೋರ್ಡಿಗೆ ಉಗುರು ತಾಗಿಸುವ ಹಾಗಿಲ್ಲ, ಅಂಚು ಮಾತ್ರ ಹಿಡಿಯಬೇಕು ಎಂದು ಮೂರು ಸಲ ಹೇಳಿ, ಮೈಯ ಸ್ಥಿರವಿದ್ಯುತ್ ಬೋರ್ಡಿಗೆ ತಾಗದಂತೆ ತಾನು ಮಣಿಕಟ್ಟಿಗೆ ಕಟ್ಟಿಕೊಂಡಿದ್ದ ಪಟ್ಟಿ ಬಿಚ್ಚಿ ಅತ್ತೆಯ ಕೈಗೆ ಕಟ್ಟಿದ. ಮೆಟ್ಟಿಲ ಕೆಳಗಿನ ಆ ಗೂಡಿನಲ್ಲಿ, ಒಬ್ಬರು ಕೂತು ಇಬ್ಬರು ಒರಗಿ ನಿಂತು, ಅತ್ತೆ ಟೇಪು ಹರಿದರು. ಒಳಗಿನಿಂದ ಅಂಗೈಗಿಂತ ಸ್ವಲ್ಪ ದೊಡ್ಡದಾದ ಹಸಿರು ಹಲಗೆ ಹೊರಬಂತು. ಮಾಮ ಅದನ್ನು ಒಡವೆ ನೋಡಿದಂತೆ ನೋಡಿದರು.

ಸ್ಕ್ರೂಗಳು ಹಳೆಯ ತೂತುಗಳಿಗೇ ಕೂತವು. ಪರದೆ ಬೆಳಗಿತು. ಅತ್ತೆ ತಮ್ಮ ಆರು ಕೀಗಳ ತಗ್ಗಿನಲ್ಲಿ ಆರು ಬೆರಳಿಟ್ಟು, ಒಟ್ಟಿಗೆ ಒತ್ತಿ ಬಿಟ್ಟರು.

ಆರೂ ಚುಕ್ಕಿ ಮೂಡಿದವು.

ನಂಬಿಕೆಯಾಗದೆ ಮತ್ತೆ ಒತ್ತಿದರು. ಅಂಕಿ ಗುರುತು ಹಾಕಿದರು, ಒಂದರಿಂದ ಸೊನ್ನೆಯವರೆಗೆ ಬರೆದರು. ಒಂದಾದರೂ ತಪ್ಪಿರಲಿಲ್ಲ. ಮಾತಿನಲ್ಲಿ ಜಿಪುಣನಾದ ಬೋರ್ಡ್ ಡಾಕ್ಟರ್ ತಾನಾಗಿ, "ಇನ್ನೊಂದ್ಸಲ ಒತ್ತಿ, ನೋಡೋಣ" ಎಂದ. ಇನ್ನೊಂದು ಸಲವಲ್ಲ, ಹತ್ತು ಸಲ ಒತ್ತಿಸಿದ. ಮನೆಗೆ ಬರುವಾಗ ಅತ್ತೆಯ ಕಾಲು ನೆಲದ ಮೇಲಿರಲಿಲ್ಲ. ಖಾಲಿ ಡಬ್ಬವನ್ನು ಮಾಮ ಕಂಕುಳಲ್ಲಿ ಇಟ್ಟುಕೊಂಡೇ ಬಂದರು. ಅದೀಗ ಅವರ ಕಪಾಟಿನಲ್ಲಿದೆ. ತೆಳ್ಳನೆಯ ಹೊಸ ಲ್ಯಾಪ್‌ಟಾಪ್ ಮಾಮನ ಪಾಲಿಗೆ ಬಂದು ಲಿಫ್ಟಿನ ನಕ್ಷೆಗಳನ್ನು ತೋರಿಸುತ್ತಿದೆ. ಒಂದೇ ಬೆರಳಿನಲ್ಲಿ ಟೈಪ್ ಮಾಡುವವರಿಗೆ ಅದಕ್ಕಿಂತ ಒಳ್ಳೆಯ ಯಂತ್ರ ಸಿಗಲಾರದು.

ಉಳಿದ ಮೂರು ದಿನ ಅತ್ತೆ ಹಗಲೂ ರಾತ್ರಿಯೂ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂತು, ಕೆಟ್ಟ ಪುಟಗಳನ್ನು ತಿದ್ದಿ, ಬಾಕಿ ಪುಟಗಳನ್ನು ಒತ್ತಿ ಅಚ್ಚು ಹಾಕಿಸಿದರು. ಮಾಮ ಅಡುಗೆ ಮಾಡಿದರು, ಅದರ ಬಗ್ಗೆ ಹೆಚ್ಚು ಹೇಳದಿರುವುದು ಒಳ್ಳೆಯದು. ಮಿಸ್ ಪುಟ ಪುಟವನ್ನೂ ತಡವಿ ನೋಡಿ ಕೊನೆಗೆ ಎರಡೇ ತಪ್ಪು ಹುಡುಕಿದಳು. ಎರಡೂ ಅತ್ತೆಯ ಸ್ವಂತ ತಪ್ಪು. ಅದಕ್ಕೆ ಅತ್ತೆ ಇಷ್ಟು ಸಂತೋಷಪಟ್ಟಿದ್ದನ್ನು ಯಾರೂ ನೋಡಿರಲಿಲ್ಲ.

ಶಾಲೆಯ ಮೊದಲ ದಿನ ಪುಸ್ತಕ ಹೊತ್ತವರು ಮಾಮ. ಅಚ್ಚಿನಲ್ಲಿ ಬೆರಳು ದಪ್ಪದ ಪುಸ್ತಕ, ಬ್ರೈಲಿನಲ್ಲಿ ಐದು ಸಂಪುಟ. ಶಾಲೆಗೆ ಲಿಫ್ಟ್ ಇಲ್ಲದ್ದನ್ನು ಕಂಡು ಮೂರು ಮಹಡಿಯ ಉದ್ದಕ್ಕೂ ಟೀಕೆ ಮಾಡುತ್ತಲೇ ಹತ್ತಿದರು. ಸಂಪುಟಗಳನ್ನು ಮೇಜಿನ ಮೇಲಿಟ್ಟು ಮಾಮ, ಅತ್ತೆ ಇಬ್ಬರೂ ಹೊರಗೆ ಬಂದರು. ಹೋಗಿಬಿಡಬೇಕಿತ್ತು, ಅತ್ತೆ ಕಿಟಕಿಯ ಪಕ್ಕ ನಿಂತುಬಿಟ್ಟರು.

ಒಳಗೆ ಹಿಂದಿನ ಬೆಂಚಿನಿಂದ ಒಂದು ಸಣ್ಣ ದನಿ ಕೇಳಿತು: "ಮಿಸ್, ನೋಡದೇ ಹೇಗೆ ಓದ್ತೀರಾ?"

"ನೋಡಿ ಓದೋದು ಹೇಗೆ ಅಂತ ನನಗೂ ಗೊತ್ತಿಲ್ಲಪ್ಪ. ನೀನು ಆಮೇಲೆ ಹೇಳ್ಕೊಡು. ಈಗ ಬರ್ಕೊಳ್ಳಿ. ಮೂರು ಎಕ್ಸ್ ಕೂಡಿಸು ನಾಲ್ಕು, ಸಮ ಹತ್ತೊಂಬತ್ತು."

ನಲವತ್ತು ಪೆನ್ಸಿಲ್ಲುಗಳು ಒಟ್ಟಿಗೆ ಕೆಲಸಕ್ಕೆ ಬಿದ್ದವು. ಮಿಸ್ ಒಂದರ ಹಿಂದೆ ಒಂದು ಲೆಕ್ಕ ಹೇಳುತ್ತಾ ಹೋದಳು, ಒಂದು ಕಡೆಯೂ ತಡೆಯಲಿಲ್ಲ. ಅವಳು ಅಂಕಿ ಹೇಳಿದಾಗಲೆಲ್ಲ ಅತ್ತೆಯ ಎಡಗೈಯ ಉಂಗುರದ ಬೆರಳು ಸೀರೆಯ ಮೇಲೆ ತಾನೇ ತಾನಾಗಿ ಒತ್ತಿ ಏಳುತ್ತಿತ್ತು. ಕೆನ್ನೆ ಒದ್ದೆಯಾದದ್ದು ಅವರಿಗೆ ತಿಳಿದಿರಲಿಲ್ಲ. ಮೊದಲ ಗಂಟೆ ಮುಗಿಯುತ್ತ ಬಂತು. ಜವಾನ ಎರಡು ಸಲ ಬಂದು ದಿಟ್ಟಿಸಿ ಹೋದ. ಅತ್ತೆ ಜಪ್ಪಯ್ಯ ಎಂದರೂ ಕದಲಲಿಲ್ಲ.

ಆಗ ಬೆನ್ನ ಮೇಲೆ ಎರಡು ಕೈಗಳು ಕೂತವು. ಗ್ರೀಸಿನ ವಾಸನೆಯ ದಪ್ಪ ಬೆರಳುಗಳು, ಮೂರು ಈ ಕಡೆ, ಮೂರು ಆ ಕಡೆ. ಇಷ್ಟು ವರ್ಷ ಬೆನ್ನಿನಲ್ಲಿ ಕೇಳಿಸಿಕೊಂಡಿದ್ದ ಮಾಮ ಮೊದಲ ಬಾರಿಗೆ ತಾವೇ ಬರೆಯುತ್ತಿದ್ದರು. ಒಂದೊಂದೇ ಅಕ್ಷರ, ನಿಧಾನವಾಗಿ, ಜ್ಞಾಪಿಸಿಕೊಂಡು ಜ್ಞಾಪಿಸಿಕೊಂಡು: ಹೋಗೋಣ.

ಅದರಲ್ಲಿ ಮೂರನೇ ಚುಕ್ಕಿ ಒಂದು ಬಿಟ್ಟುಹೋಗಿತ್ತು. ಅತ್ತೆ ತಿದ್ದಲಿಲ್ಲ. "ಹೂಂ, ನಡೀರಿ" ಎಂದು ಕಣ್ಣೊರೆಸಿಕೊಂಡು ಅವರ ಜೊತೆ ಮೆಟ್ಟಿಲಿಳಿದರು.